ಅಂಬರಗುಬ್ಬಿ ಯಾಕೆ ಫ್ರೇಮಿಗೆ ಸಿಗಲ್ಲ?

ಮೊದಲು ಒಂದು ಲೆಕ್ಕ ಮಾಡೋಣ. ನೀವು ಕೆರೆ ಏರಿ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಕೈಯಲ್ಲಿ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ಪು ಸ್ವಲ್ಪ ಸಣ್ಣದು) ಇರುವ ಮಾಮೂಲಿ ಕ್ಯಾಮೆರಾ, ಅದಕ್ಕೆ 400 ಎಂಎಂ ಲೆನ್ಸ್. 20 ಮೀಟರ್ ದೂರದಲ್ಲಿ, ನೀರಿನ ಮೇಲೆ ಅಂಬರಗುಬ್ಬಿ ಹಾರುತ್ತಿದೆ. ಸ್ವಾಲೋ ಅಂತಾರಲ್ಲ, ಕವಲು ಬಾಲದ್ದು, ಚಳಿಗಾಲದಲ್ಲಿ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತದಲ್ಲ, ಅದೇ. ಆ ದೂರದಲ್ಲಿ ನಿಮ್ಮ ಫ್ರೇಮಿಗೆ ಕಾಣುವ ಅಗಲ ಬರೀ 1.2 ಮೀಟರ್. ಮನೆಯ ಮುಂಬಾಗಿಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅಂಬರಗುಬ್ಬಿ ಏನೂ ಅವಸರವಿಲ್ಲದೆ ಹುಳ ಹಿಡಿಯುತ್ತಾ ಹಾರುವಾಗಲೇ ಸೆಕೆಂಡಿಗೆ ಸುಮಾರು 10 ಮೀಟರ್ ಹೋಗುತ್ತದೆ. ಅಲ್ಲಿಗೆ ಅದು ಆ ಬಾಗಿಲನ್ನು ದಾಟಲು ತೆಗೆದುಕೊಳ್ಳುವುದು 0.12 ಸೆಕೆಂಡ್. ಕಣ್ಣು ಕಂಡಿದ್ದಕ್ಕೆ ಬೆರಳು ಒತ್ತಲು ಮನುಷ್ಯರಿಗೆ ಹೆಚ್ಚುಕಮ್ಮಿ 0.2 ಸೆಕೆಂಡ್ ಬೇಕು.

ಅಂದರೆ ಹಕ್ಕಿ ಫ್ರೇಮಿನೊಳಗೆ ಕಂಡ ಮೇಲೆ ಒತ್ತಿದರೆ, ನೀವು ಒತ್ತುವ ಹೊತ್ತಿಗೆ ಅದು ಆಗಲೇ ಆಚೆ ಹೋಗಿರುತ್ತದೆ. ಎಷ್ಟು ಚುರುಕಾದ ಕೈಯಾದರೂ ಅಷ್ಟೇ. ಎಷ್ಟು ದುಬಾರಿ ಕ್ಯಾಮೆರಾ ಆದರೂ ಅಷ್ಟೇ.

ಈ ಲೆಕ್ಕವನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಹಾರುವ ಸಣ್ಣ ಹಕ್ಕಿ ಸಿಗದೇ ಹೋದಾಗ ಎಲ್ಲರೂ ಮೊದಲು ಯೋಚಿಸುವುದು ಹೊಸ ಕ್ಯಾಮೆರಾ ಬಗ್ಗೆ. ನಾನೂ ಹಾಗೇ ಯೋಚಿಸಿದ್ದೆ. ಕ್ಯಾಮೆರಾದಿಂದ ಅನುಕೂಲ ಆಗುತ್ತದೆ, ಇಲ್ಲ ಅನ್ನಲ್ಲ, ಅದಕ್ಕೂ ಮುಂದೆ ಬರ್ತೀನಿ. ಆದರೆ ಹಕ್ಕಿ ಮುಂದಿನ ಗಳಿಗೆಯಲ್ಲಿ ಎಲ್ಲಿರುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಕ್ಯಾಮೆರಾ ಆ ಜಾಗಕ್ಕೆ ಮೊದಲೇ ತಿರುಗಿರಬೇಕು. ಇದಿಲ್ಲದೆ ಉಳಿದ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರಲ್ಲ.

ಬರ್ಸ್ಟ್ ಇದೆಯಲ್ಲ, ಒತ್ತಿ ಹಿಡಿದರೆ ಸೆಕೆಂಡಿಗೆ 10 ಫೋಟೊ ಬರುತ್ತದಲ್ಲ, ಅಂತ ಕೇಳಬಹುದು. ಅದಕ್ಕೂ ಲೆಕ್ಕ ಹಾಕಿ. ಸೆಕೆಂಡಿಗೆ 10 ಮೀಟರ್ ಹಾರುವ ಹಕ್ಕಿ, ಸೆಕೆಂಡಿಗೆ 10 ಫೋಟೊ. ಒಂದು ಫೋಟೊಗೂ ಇನ್ನೊಂದಕ್ಕೂ ನಡುವೆ ಅದು ಒಂದು ಮೀಟರ್ ಮುಂದೆ ಹೋಗಿರುತ್ತದೆ. ಫ್ರೇಮೇ 1.2 ಮೀಟರ್. ಕ್ಯಾಮೆರಾವನ್ನು ಒಂದೇ ಕಡೆ ಹಿಡಿದು ಬರ್ಸ್ಟ್ ಬಿಟ್ಟರೆ ಒಂದು, ಹೆಚ್ಚೆಂದರೆ ಎರಡು ಫೋಟೊದಲ್ಲಿ ಹಕ್ಕಿ ಬರುತ್ತದೆ. ಅದೂ ಮೂಲೆಯಲ್ಲಿದ್ದು, ಅರ್ಧ ರೆಕ್ಕೆ ಕತ್ತರಿಸಿ ಹೋಗಿರಬಹುದು. ಬರ್ಸ್ಟಿನಿಂದ ಲಾಭ ಆಗುವುದು ನೀವು ಹಕ್ಕಿಯ ಜೊತೆಜೊತೆಗೆ ಕ್ಯಾಮೆರಾ ತಿರುಗಿಸುತ್ತಿದ್ದಾಗ ಮಾತ್ರ.

ಹೀಗೆ ಜೊತೆಗೆ ತಿರುಗಿಸುವ ಯೋಚನೆ ಹೊಸದಲ್ಲ. 1882ರಲ್ಲೇ ಫ್ರಾನ್ಸಿನ ಎತಿಯೆನ್ ಜೂಲ್ ಮಾರೇ ಅನ್ನುವ ವಿಜ್ಞಾನಿ ಹಕ್ಕಿ ಹಾರಾಟವನ್ನು ಅಧ್ಯಯನ ಮಾಡಲಿಕ್ಕೆ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದ್ದರು. ಹೆಗಲಿಗೆ ಆನಿಸಿಕೊಂಡು, ಹಕ್ಕಿಗೆ ಗುರಿಯಿಟ್ಟು, ಅದರ ಜೊತೆ ತಿರುಗುತ್ತಾ ಬಂದೂಕಿನ ಕುದುರೆ (ಟ್ರಿಗರ್) ಎಳೆದರೆ ಸೆಕೆಂಡಿಗೆ 12 ಚಿತ್ರ. ನಾವು ಇವತ್ತು ಮಾಡುವುದೂ ಅದೇ ಕೆಲಸ.

ಈಗ ಫೋಕಸ್ ವಿಷಯಕ್ಕೆ ಬರೋಣ, ಹೆಚ್ಚಿನವರು ಸೋಲುವುದು ಇಲ್ಲೇ. 400 ಎಂಎಂ ಲೆನ್ಸಿನಲ್ಲಿ ಎಫ್ 5.6 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಇಟ್ಟರೆ 20 ಮೀಟರ್ ದೂರದಲ್ಲಿ ಚೂಪಾಗಿ ಕಾಣುವ ಆಳ ಸುಮಾರು ಅರ್ಧ ಮೀಟರ್ ಅಷ್ಟೆ. 10 ಮೀಟರಿಗೆ ಬಂದರೆ 14 ಸೆಂಟಿಮೀಟರ್. ಹಕ್ಕಿಯ ಉದ್ದಕ್ಕಿಂತಲೂ ಕಡಿಮೆ! ಹಕ್ಕಿ ಅಡ್ಡಡ್ಡ ಹಾರಿದರೆ ಪರವಾಗಿಲ್ಲ, ದೂರ ಅಷ್ಟೇನೂ ಬದಲಾಗಲ್ಲ. ನೇರ ನಿಮ್ಮ ಕಡೆಗೇ ಬಂದರೆ ಆ ಅರ್ಧ ಮೀಟರನ್ನು ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಅದಕ್ಕೇ ಎದುರಿಗೆ ಬರುವ ಅಂಬರಗುಬ್ಬಿಯ ಕಣ್ಣು ಚೂಪಾಗಿರುವ ಫೋಟೊ ಕಂಡರೆ ನಾನು ತುಂಬ ಹೊತ್ತು ನೋಡುತ್ತಾ ಕೂರುತ್ತೇನೆ.

ಇದಕ್ಕೆ ಕ್ಯಾಮೆರಾದಲ್ಲಿ ಇರುವ ಉಪಾಯ ನಿರಂತರ ಫೋಕಸ್. ನಿಕಾನ್, ಸೋನಿಯಲ್ಲಿ ಎಎಫ್‌-ಸಿ, ಕ್ಯಾನನ್‌ನಲ್ಲಿ ಸರ್ವೋ. ಒಂದು ಸಲ ಫೋಕಸ್ ಸಿಕ್ಕಿದ ಮೇಲೆ ಹಕ್ಕಿ ಹತ್ತಿರ ಬರುತ್ತಿದೆಯಾ ದೂರ ಹೋಗುತ್ತಿದೆಯಾ ಅಂತ ಲೆಕ್ಕ ಹಾಕಿ, ಶಟರ್ ತೆರೆಯುವ ಗಳಿಗೆಗೆ ಅದು ಎಲ್ಲಿರಬಹುದು ಅಂತ ಅಂದಾಜು ಮಾಡಿ, ಲೆನ್ಸನ್ನು ಅಲ್ಲಿಗೆ ಮೊದಲೇ ತಳ್ಳುತ್ತದೆ. ಆದರೆ ಆ ಅಂದಾಜಿಗೆ ಅದಕ್ಕೆ ಸ್ವಲ್ಪ ಸಮಯ ಬೇಕು. ಹಕ್ಕಿ ಫ್ರೇಮಿಗೆ ಬಂದ ತಕ್ಷಣ ಒತ್ತಿದರೆ ಅದಕ್ಕೆ ಅಂದಾಜು ಮಾಡಲು ಏನೂ ಸಿಕ್ಕಿರುವುದಿಲ್ಲ. ಅರ್ಧ ಸೆಕೆಂಡ್ ಜೊತೆಗೆ ತಿರುಗಿ, ಆಮೇಲೆ ಒತ್ತಿ.

ಇನ್ನೊಂದು ವಿಷಯವನ್ನು ನಾನು ತುಂಬ ತಡವಾಗಿ ಕಲಿತೆ. ಲೆನ್ಸು ಹತ್ತಿರದ ಜೊಂಡಿಗೋ ಅಥವಾ ದೂರದ ಬೆಟ್ಟಕ್ಕೋ ಫೋಕಸ್ ಆಗಿ ನಿಂತಿದ್ದರೆ, ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಇಷ್ಟು ಪುಟ್ಟ ಹಕ್ಕಿ ಕಾಣುವುದೇ ಇಲ್ಲ. ಮಸುಕಾಗಿ ಕಾಣುತ್ತದೆ ಅಂತಲ್ಲ, ಕರಗಿಯೇ ಹೋಗಿರುತ್ತದೆ. ಹಕ್ಕಿ ಫ್ರೇಮಿನ ನಡುವೆಯೇ ಇರುತ್ತದೆ, ನಾವು ಎಲ್ಲಿ ಎಲ್ಲಿ ಅಂತ ಹುಡುಕುತ್ತಾ ಇರುತ್ತೇವೆ. ಅದಕ್ಕೇ ಹಕ್ಕಿ ಬರುವ ಮೊದಲೇ ಅಷ್ಟೇ ದೂರದ ಯಾವುದಾದರೂ ವಸ್ತುವಿಗೆ ಫೋಕಸ್ ಮಾಡಿ ಇಟ್ಟುಕೊಳ್ಳಬೇಕು. ತೂಬಿನ ಕಲ್ಲುಕಂಬ ಇರಬಹುದು, ನೀರಲ್ಲಿ ಮುಳುಗಿದ ಜಾಲಿ ಗಿಡದ ಒಣಕೊಂಬೆ ಇರಬಹುದು. ಆಗ ಹಕ್ಕಿ ಬಂದಾಗ ಲೆನ್ಸು ಸ್ವಲ್ಪವೇ ಸರಿದರೆ ಸಾಕು. ಲೆನ್ಸಿನ ಪಕ್ಕದಲ್ಲಿ ಫೋಕಸ್ ದೂರವನ್ನು ಮಿತಿ ಮಾಡುವ ಸ್ವಿಚ್ ಇದ್ದರೆ ಅದನ್ನೂ ಹಾಕಿ, ಹತ್ತಿರದ ಹುಲ್ಲಿನವರೆಗೆ ಹೋಗಿ ವಾಪಸ್ ಬರುವ ಅಲೆದಾಟ ತಪ್ಪುತ್ತದೆ. ಫೋಕಸ್ ಕೆಲಸವನ್ನು ಶಟರ್ ಬಟನ್ನಿಂದ ಬಿಡಿಸಿ, ಹಿಂದಿನ ಬಟನ್ನಿಗೆ, ಹೆಬ್ಬೆರಳಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಹಾಗೆ ಮಾಡಿದರೆ ಮೊದಲೇ ಇಟ್ಟ ಫೋಕಸ್ ನೀವು ಫೋಟೊ ತೆಗೆದ ಪ್ರತಿ ಸಲ ಕೆಡುವುದಿಲ್ಲ.

ಎಷ್ಟು ಫೋಕಸ್ ಪಾಯಿಂಟ್ ಇಟ್ಟುಕೊಳ್ಳಬೇಕು ಅನ್ನುವುದು ಹಿನ್ನೆಲೆ ಮೇಲೆ ನಿಂತಿದೆ. ಬರೀ ಆಕಾಶ ಇದ್ದರೆ ದೊಡ್ಡ ಗುಂಪು ಇಡಿ, ಹಕ್ಕಿ ಬಿಟ್ಟರೆ ಅಲ್ಲಿ ಹಿಡಿಯಲು ಬೇರೆ ಏನೂ ಇಲ್ಲ. ಹಿಂದೆ ಜೊಂಡು, ಹೊಂಗೆ ಮರ, ಬಂಡೆ ಇದ್ದರೆ ಪಾಯಿಂಟ್ ಕಮ್ಮಿ ಮಾಡಿ, ಇಲ್ಲದಿದ್ದರೆ ಫೋಕಸ್ ಹಿಂದಕ್ಕೆ ಹಾರಿ ಎಲೆಗೆ ಅಂಟಿಕೊಳ್ಳುತ್ತದೆ.

ಶಟರ್ ವೇಗದ ಲೆಕ್ಕ ಸುಲಭ. ಸೆಕೆಂಡಿಗೆ 10 ಮೀಟರ್ ಹೋಗುವ ಹಕ್ಕಿ 1/500 ಸೆಕೆಂಡಿನಲ್ಲಿ 2 ಸೆಂಟಿಮೀಟರ್ ಸರಿಯುತ್ತದೆ. 1/2000ದಲ್ಲಿ 5 ಮಿಲಿಮೀಟರ್. 1/4000ದಲ್ಲಿ 2.5 ಮಿಲಿಮೀಟರ್. ಹಕ್ಕಿಯ ಕಣ್ಣೇ ಕೆಲವು ಮಿಲಿಮೀಟರ್ ಇರುವಾಗ 2 ಸೆಂಟಿಮೀಟರ್ ಸರಿದರೆ ಕಣ್ಣು ಎಲ್ಲಿ ಉಳಿಯುತ್ತದೆ? ನೀವು ಹಕ್ಕಿಯ ಜೊತೆಗೇ ಸರಿಯಾಗಿ ತಿರುಗಿಸಿದರೆ ಫ್ರೇಮಿನೊಳಗೆ ಮೈ ಸರಿಯುವುದು ಬಹಳ ಕಡಿಮೆಯಾಗುತ್ತದೆ, ಆಗ 1/1000ಕ್ಕೂ ತಲೆ ಚೂಪಾಗಿ ಬರಬಹುದು. ಆದರೆ ರೆಕ್ಕೆ ಮೈಯ ಜೊತೆ ಹೋಗಲ್ಲ. ಅದು ಮೇಲೆ ಕೆಳಗೆ ಬಡಿಯುತ್ತಿರುತ್ತದೆ, ಅದರ ತುದಿಯಂತೂ ತುಂಬಾ ಜೋರಾಗಿ. ರೆಕ್ಕೆ ತುದಿಯ ಗರಿ ಎಣಿಸುವಂತೆ ಬೇಕು ಅಂದರೆ 1/3200, ಆಗುವುದಾದರೆ 1/4000. ನಾನು 1/3200ಕ್ಕಿಂತ ಕೆಳಗೆ ಇಳಿಯುವುದು ಬೆಳಕು ನಿಜಕ್ಕೂ ಕಮ್ಮಿಯಾದಾಗ ಮಾತ್ರ.

ಅಷ್ಟು ವೇಗಕ್ಕೆ ಬೆಳಕು ಸಾಲುತ್ತದಾ? ನಮ್ಮ ಬಿಸಿಲಿಗೆ ಸಾಲುತ್ತದೆ. ಹಳೇ ರೀಲ್ ಕಾಲದ ಒಂದು ನಿಯಮ ಇದೆ. ಒಳ್ಳೆ ಬಿಸಿಲಿನಲ್ಲಿ ಎಫ್ 16 ಇಟ್ಟರೆ, ಐಎಸ್ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಎಷ್ಟಿದೆಯೋ ಶಟರ್ ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗ. ಐಎಸ್ಒ 400 ಆದರೆ 1/400. ಎಫ್ 16ರಿಂದ ಎಫ್ 5.6ಕ್ಕೆ ಬಂದರೆ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಹಾಗಾಗಿ ಶಟರನ್ನೂ ಎಂಟು ಪಟ್ಟು ಜೋರು ಮಾಡಬಹುದು, 1/3200. ಬೆಳಗ್ಗೆ ಬಿಸಿಲು ಇನ್ನೂ ಎಳೆಯದಾಗಿರುವಾಗ ಐಎಸ್ಒ 1600ಕ್ಕೆ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ. ಕಾಳನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು, ಅಲುಗಿದ ರೆಕ್ಕೆಯನ್ನು ಯಾರೂ ನಿಲ್ಲಿಸಲಾರರು.

ಎಕ್ಸ್‌ಪೋಷರನ್ನು (ಫೋಟೊಗೆ ಎಷ್ಟು ಬೆಳಕು ಅನ್ನುವುದನ್ನು) ಕೈಯಲ್ಲೇ ಇಡಿ, ಅಂದರೆ ಪೂರ್ತಿ ಮ್ಯಾನುಯಲ್. ಇದಕ್ಕೆ ಕಾರಣ ಇದೆ. ಅಂಬರಗುಬ್ಬಿ ಈಗ ಆಕಾಶದ ಮುಂದೆ ಇರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿಳಿದು ಹಸಿರು ರಾಗಿ ಹೊಲದ ಮುಂದೆ ಹಾದು ಹೋಗುತ್ತದೆ. ಆಟೊದಲ್ಲಿಟ್ಟರೆ ಕ್ಯಾಮೆರಾ ಆಕಾಶ ನೋಡಿ ಹಕ್ಕಿಯನ್ನು ಕಪ್ಪು ಮಾಡುತ್ತದೆ, ಹೊಲ ನೋಡಿ ಹಕ್ಕಿಯನ್ನು ಬೆಳ್ಳಗೆ ಮಾಡುತ್ತದೆ. ಆದರೆ ಹಕ್ಕಿ ಮೇಲೆ ಬೀಳುತ್ತಿರುವ ಬಿಸಿಲು ಎರಡೂ ಕಡೆ ಒಂದೇ ಅಲ್ವಾ? ಅದೇ ಬಿಸಿಲಿನಲ್ಲಿರುವ ಹುಲ್ಲಿಗೆ ಒಮ್ಮೆ ಅಳೆದು, ಒಂದೆರಡು ಫೋಟೊ ತೆಗೆದು ನೋಡಿ, ಸೆಟ್ಟಿಂಗ್ ಹಾಗೇ ಬಿಟ್ಟುಬಿಡಿ. ಮೋಡ ಬಂದು ಹೋಗುತ್ತಿದ್ದರೆ ಮಾತ್ರ ಐಎಸ್ಒ ಆಟೊ ಇಟ್ಟು, ಆಕಾಶ ಹಿನ್ನೆಲೆಯಾದಾಗ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಜಾಸ್ತಿ ಕೊಡಿ. ಬೆಳ್ಳಕ್ಕಿಗೆ ಇದು ಉಲ್ಟಾ. ಬಿಳಿ ಗರಿ ಸುಟ್ಟು ಹೋಗದ ಹಾಗೆ ಕಮ್ಮಿ ಮಾಡಬೇಕು.

ಇಷ್ಟು ಕ್ಯಾಮೆರಾದ ಮಾತು. ಇನ್ನು ಗಾಳಿ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ, ನನಗೆ ಮಾತ್ರ ಫೋಟೊಗಳು ಸುಧಾರಿಸಿದ್ದು ಗಾಳಿ ಗಮನಿಸಲು ಶುರು ಮಾಡಿದ ಮೇಲೆ.

ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿಗೆ ಎದುರು ಹಾರುವಾಗ ನೆಲದ ಲೆಕ್ಕದಲ್ಲಿ ಅವುಗಳ ವೇಗ ತಗ್ಗುತ್ತದೆ. ಗಾಳಿಯಲ್ಲಿ 10 ಮೀಟರ್ ವೇಗದಲ್ಲಿ ಹಾರುತ್ತಿರುವ ಅಂಬರಗುಬ್ಬಿಗೆ ಎದುರಿನಿಂದ 4 ಮೀಟರ್ ವೇಗದ ಗಾಳಿ ಬೀಸಿದರೆ, ನಿಂತಿರುವ ನಮಗೆ ಅದು ಸೆಕೆಂಡಿಗೆ 6 ಮೀಟರಿನಲ್ಲಿ ಕಾಣುತ್ತದೆ. ನಮಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಾ? ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತರೆ ಹಕ್ಕಿ ನಿಧಾನವಾಗಿ, ಮುಖ ತೋರಿಸಿಕೊಂಡು ನಿಮ್ಮ ಕಡೆ ಬರುತ್ತದೆ. ಸೂರ್ಯನೂ ಬೆನ್ನಿಗಿರಬೇಕು, ಮುಖದ ಮೇಲೆ ಬೆಳಕು ಬೀಳಲು.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ಚಳಿಗಾಲದಲ್ಲಿ ತಾನಾಗೇ ಕೂಡಿಬರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಹೆಚ್ಚಾಗಿ ಮೂಡಲಿನಿಂದ. ಬೆಳಗಿನ ಸೂರ್ಯನೂ ಮೂಡಲಲ್ಲೇ. ಕೆರೆಯ ಪೂರ್ವದ ದಡದಲ್ಲಿ ಬೆನ್ನು ಪೂರ್ವಕ್ಕೆ ಮಾಡಿ ನಿಂತರೆ ಬಿಸಿಲೂ ಗಾಳಿಯೂ ಎರಡೂ ನಿಮ್ಮ ಬೆನ್ನಿಗೆ. ವಲಸೆ ಬರುವ ಅಂಬರಗುಬ್ಬಿಗಳೂ ಆಗಲೇ ಇಲ್ಲಿರುತ್ತವೆ. ಜೂನಿನಿಂದ ಆಗಸ್ಟಿನವರೆಗೆ ಪಡುವಣ ಗಾಳಿ ಜೋರು. ಆಗ ಬೆಳಗ್ಗೆ ಹೋದರೆ ಬೆಳಕು ಇರುವ ಕಡೆಯಿಂದ ಬರೀ ಹಕ್ಕಿಗಳ ಬಾಲ ಕಾಣುತ್ತದೆ. ಮುಂಗಾರಿನಲ್ಲಿ ಸಂಜೆ ಹೋಗಿ, ಪಶ್ಚಿಮಕ್ಕೆ ಬೆನ್ನು ಮಾಡಿ ನಿಲ್ಲಿ. ನಾನು ಸುಮಾರು ಕಾಲ ಬೆಳಗಿನ ಬೆಳಕೇ ಚೆನ್ನ ಅಂತ ವರ್ಷಪೂರ್ತಿ ಬೆಳಗ್ಗೆಯೇ ಹೋಗುತ್ತಿದ್ದೆ. ಮಳೆಗಾಲದ ಫೋಟೊಗಳೆಲ್ಲ ಯಾಕೆ ಬೆನ್ನು ತೋರಿಸಿಕೊಂಡಿವೆ ಅಂತ ಆಮೇಲೆ ಅರ್ಥವಾಯಿತು.

ಬೇಸಿಗೆಗೆ ಇನ್ನೊಂದು ಎಚ್ಚರಿಕೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮದಂಥ ಬಯಲಿನಲ್ಲಿ ಹೊತ್ತೇರುತ್ತಿದ್ದಂತೆ ನೆಲದಿಂದ ಕಾವು ಎದ್ದು ಗಾಳಿ ನಡುಗುತ್ತದೆ. ರಸ್ತೆ ಮೇಲೆ ನೀರಿದ್ದ ಹಾಗೆ ಕಾಣುತ್ತದಲ್ಲ, ಅದೇ ಕಾವು. ಆಗ ಲೆನ್ಸು ಎಷ್ಟೇ ಚೆನ್ನಾಗಿದ್ದರೂ ದೂರದ್ದು ಚೂಪಾಗಿ ಬರಲ್ಲ. ಫೋಕಸ್ ತಪ್ಪಿತು ಅಂದುಕೊಂಡು ಎಷ್ಟೋ ಜನ ಲೆನ್ಸ್ ರಿಪೇರಿಗೆ ಕೊಡಲು ಹೊರಡುತ್ತಾರೆ. ಕಾವು ಏಳುವ ಮೊದಲೇ ಕೆಲಸ ಮುಗಿಸಿ, ಇಲ್ಲವೇ ಹಕ್ಕಿ ಹತ್ತಿರ ಬರುವ ಜಾಗ ಹುಡುಕಿ.

ಈಗ ಹಕ್ಕಿಯ ದಾರಿ ಕಲಿಯುವುದು ಅಂದರೆ ಏನು ಅಂತ ನೋಡೋಣ. ತುಮಕೂರಿನಿಂದ ದೇವರಾಯನದುರ್ಗದ ಕಡೆ ಒಂದು ಸಣ್ಣ ಕೆರೆಯ ಹಿಂದೆ ತಂತಿ ಬೇಲಿ ಹಾಕಿದ ಹೊಲ ಇದೆ. ಅಲ್ಲಿ ಒಂದು ಕಳ್ಳಿಪೀರ ಕೂತಿತ್ತು. ಹಸಿರು ಮೈ, ಬಾಲದ ನಡುವೆ ಸೂಜಿಯಂಥ ಎರಡು ಗರಿ, ಬಾಗಿದ ಕಪ್ಪು ಕೊಕ್ಕು. ಅದು ಹಾರಿದಾಗಲೆಲ್ಲ ನಾನು ಕ್ಯಾಮೆರಾ ಎತ್ತಿ ಹಿಂದೆ ತಿರುಗುತ್ತಿದ್ದೆ, ಒಂದೂ ಸಿಗುತ್ತಿರಲಿಲ್ಲ. ಎಮ್ಮೆ ಮೇಯಿಸಲು ಬಂದಿದ್ದ ಒಬ್ಬ ಅಜ್ಜ ಏರಿ ಮೇಲೆ ಕೂತು ನೋಡುತ್ತಿದ್ದರು. "ಅದೆಲ್ಲಿಗೂ ಹೋಗಾಕಿಲ್ಲ ಕಣಪ್ಪ, ತಿರ್ಗ ಅದೇ ತಂತಿಗೇ ಬತ್ತದೆ. ನೀನ್ಯಾಕೆ ಅದ್ರ ಹಿಂದೆ ತಿರುಗ್ತೀಯ?" ಅಂದರು.

ಕ್ಯಾಮೆರಾ ಕೆಳಗಿಟ್ಟು ಎಣಿಸಿದೆ. ಹನ್ನೊಂದು ಸಲ ಹಾರಿತು. ಒಂಬತ್ತು ಸಲ ಅದೇ ತಂತಿಗೆ, ಅದೇ ಕಲ್ಲುಕಂಬದಿಂದ ಎರಡು ಮೊಳದ ಒಳಗೆ ಬಂದು ಕೂತಿತು. ಹಾರುವ ಮೊದಲು ಪ್ರತಿ ಸಲ ತಲೆಯನ್ನು ಚಕಚಕನೆ ಎರಡು ಮೂರು ಸಲ ಓರೆ ಮಾಡಿ ಹುಳವನ್ನು ನೋಡುತ್ತಿತ್ತು, ಮೈ ಸ್ವಲ್ಪ ಮುಂದಕ್ಕೆ ಬಾಗುತ್ತಿತ್ತು. ಹೋಗುವಾಗ ಬಾಣದಂತೆ ನೇರ. ಬರುವಾಗ ಮಾತ್ರ ಅವಸರವಿಲ್ಲ, ತಂತಿಗಿಂತ ಸ್ವಲ್ಪ ಕೆಳಗಿನಿಂದ ತೇಲುತ್ತಾ ಬಂದು, ಕೊನೆಯಲ್ಲಿ ಮೇಲಕ್ಕೆ ಎದ್ದು, ರೆಕ್ಕೆ ಬಾಲ ಎರಡನ್ನೂ ಬೀಸಣಿಗೆಯ ಹಾಗೆ ಅಗಲಿಸಿ ನಿಲ್ಲುತ್ತಿತ್ತು. ಆ ಒಂದು ಗಳಿಗೆ ಅದರ ವೇಗ ಬಹುತೇಕ ಸೊನ್ನೆ. ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ಕೂತ ಮೇಲೆ ಅದನ್ನು ತಂತಿಗೆ ಟಕ್ ಟಕ್ ಅಂತ ಬಡಿಯುತ್ತಿತ್ತು, ಚಿಟ್ಟೆಯ ಗಾಜಿನಂಥ ರೆಕ್ಕೆ ಕೆಳಗೆ ಉದುರಿ ಹುಲ್ಲಿನ ಮೇಲೆ ಬೀಳುತ್ತಿತ್ತು.

ಅಷ್ಟಾದ ಮೇಲೆ ಕೆಲಸ ಸುಲಭವಾಯಿತು. ಕೂರುವ ಜಾಗದ ಪಕ್ಕ ಒಂದು ಮೊಳ ಬಿಟ್ಟು ಕ್ಯಾಮೆರಾ ಇಟ್ಟೆ, ತಂತಿಯ ಮುಳ್ಳಿಗೆ ಫೋಕಸ್ ಮಾಡಿದೆ, 1/3200ಕ್ಕೆ ಹಾಕಿದೆ. ಹಕ್ಕಿ ಹಾರಿದ್ದನ್ನು ಬರಿಗಣ್ಣಿನಲ್ಲಿ ನೋಡಿ, ಅದು ತಿರುಗಿದ್ದು ಕಂಡ ತಕ್ಷಣ, ಫ್ರೇಮಿಗೆ ಬರುವ ಮೊದಲೇ ಒತ್ತಲು ಶುರು ಮಾಡಿದೆ. ಅವತ್ತು ಮೊದಲ ಬಾರಿ ಬಿಸಿಲು ರೆಕ್ಕೆಯ ಒಳಗಿಂದ ಹಾದು ತಾಮ್ರದ ಬಣ್ಣ ಬಂದ ಫೋಟೊ ಸಿಕ್ಕಿತು. ಇದೇ ಗುಣ ಕಾಜಾಣಕ್ಕೂ ಇದೆ, ಅದೂ ಕೂತ ಕಡೆಗೇ ವಾಪಸ್ ಬರುವ ಹಕ್ಕಿ.

ಬೇರೆ ಹಕ್ಕಿಗಳಿಗೆ ಬೇರೆ ಅಭ್ಯಾಸ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ, ಕೊಕ್ಕು ಕೆಳಗೆ ಮಾಡಿ ನಿಲ್ಲುತ್ತದೆ, ಅದೂ ಗಾಳಿಗೆ ಮುಖ ಮಾಡಿಯೇ. ಕೆಲವು ಸೆಕೆಂಡ್ ನಿಮಗೆ ಕಾಲಾವಕಾಶ ಸಿಗುತ್ತದೆ, ಕಲಿಯುವವರಿಗೆ ಇಷ್ಟು ಒಳ್ಳೆಯ ಹಕ್ಕಿ ಇನ್ನೊಂದಿಲ್ಲ. ಬಯಲಿನ ನೆಲಗುಬ್ಬಿ ಗಂಡು ಮೇಲೇರಿ, ರೆಕ್ಕೆ ಮುಚ್ಚಿ ಕಲ್ಲಿನಂತೆ ಬಿದ್ದು, ಮತ್ತೆ ಎದ್ದು, ಮತ್ತೆ ಬೀಳುತ್ತದೆ. ಎರಡು ಸಲ ನೋಡಿದರೆ ಮೂರನೇ ಸಲ ಎಲ್ಲಿ ಎದ್ದೀತು ಅಂತ ಅಂದಾಜು ಸಿಗುತ್ತದೆ. ಅಂಬರಗುಬ್ಬಿ ದಿಕ್ಕುದೆಸೆಯಿಲ್ಲದೆ ಹಾರುತ್ತದೆ ಅನಿಸುತ್ತದೆ, ಆದರೆ ಹತ್ತು ನಿಮಿಷ ಕೂತು ನೋಡಿ. ಹುಳ ಜಾಸ್ತಿ ಇರುವ ಕಡೆ, ಕೋಡಿ ಹತ್ತಿರವೋ ಏರಿಯ ಬುಡದಲ್ಲೋ, ಅದು ಸುತ್ತು ಹಾಕುತ್ತಿರುತ್ತದೆ, ಸುತ್ತಿನ ಒಂದು ಭಾಗ ಪ್ರತಿ ಸಲ ಒಂದೇ ಕಡೆ ಹಾಯುತ್ತದೆ. ನಾವು ಹಿಡಿಯಬೇಕಾದ್ದು ಆ ಭಾಗವನ್ನು. ಮೋಡ ಮುಚ್ಚಿ ತಣ್ಣಗಿರುವ ದಿನ ಹುಳಗಳು ಕೆಳಗೇ ಇರುತ್ತವೆ, ಅಂಬರಗುಬ್ಬಿಗಳೂ ನೀರಿಗೆ ತಾಗುವಂತೆ ಕೆಳಗಿಳಿಯುತ್ತವೆ. ಬೆಳಕು ಕಮ್ಮಿ, ಆದರೆ ಹಕ್ಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಾನಂತೂ ಅಂಥ ದಿನ ಐಎಸ್ಒ ಏರಿಸಿಕೊಂಡು ಹೋಗಿಯೇ ಹೋಗುತ್ತೇನೆ.

ಕ್ಯಾಮೆರಾ ಎತ್ತುವ ರೀತಿಯೂ ಮುಖ್ಯ. ವ್ಯೂಫೈಂಡರ್ ಒಳಗಿಂದ ಹಕ್ಕಿ ಹುಡುಕಬೇಡಿ. ಬರಿಗಣ್ಣಿನಲ್ಲಿ ಹಕ್ಕಿ ನೋಡುತ್ತಾ, ನೋಟ ಕದಲಿಸದೆ, ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ಇದು ಮನೆ ಮಹಡಿ ಮೇಲೆ ನಿಂತು ಪಾರಿವಾಳ, ಕಾಗೆಗಳ ಮೇಲೆ ದಿನಾ ಅಭ್ಯಾಸ ಮಾಡುವಂಥದ್ದು. ಕಾಲಿನ ಪಾದಗಳನ್ನು ಹಕ್ಕಿ ಈಗ ಇರುವ ಕಡೆಗಲ್ಲ, ಫೋಟೊ ತೆಗೆಯಬೇಕೆಂದಿರುವ ಕಡೆಗೆ ಇಟ್ಟು ಸೊಂಟದ ಮೇಲಿನಿಂದ ತಿರುಗಿ. ಆಗ ಸರಿಯಾದ ಜಾಗಕ್ಕೆ ಬರುವಾಗ ಮೈ ಬಿಗಿ ಬಿಟ್ಟು ಸರಾಗವಾಗಿರುತ್ತದೆ. ಉಲ್ಟಾ ನಿಂತರೆ ಒಳ್ಳೆ ಗಳಿಗೆಯಲ್ಲೇ ಮೈ ತಿರುಚಿಕೊಂಡು ಕೈ ನಡುಗುತ್ತದೆ. ಜೂಮ್ ಲೆನ್ಸ್ ಇದ್ದರೆ ಅಗಲವಾಗಿಟ್ಟು ಹಕ್ಕಿ ಹಿಡಿದು ಆಮೇಲೆ ಹತ್ತಿರ ಮಾಡಿ.

ಲೆನ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಕೂತ ಹಕ್ಕಿಗೆ 600 ಎಂಎಂ ಚೆನ್ನ. ಹಾರುವ ಸಣ್ಣ ಹಕ್ಕಿಗೆ 300, 400 ಸಾಕು. 600ಕ್ಕೆ ಹೋದರೆ ಆ 1.2 ಮೀಟರಿನ ಬಾಗಿಲು 80 ಸೆಂಟಿಮೀಟರ್ ಆಗುತ್ತದೆ, ಅದರ ಮೇಲೆ ಎರಡು ಕೆಜಿ ತೂಕದ ಲೆನ್ಸನ್ನು ಅರ್ಧ ಗಂಟೆ ಹೊತ್ತ ತೋಳು ಹಕ್ಕಿ ಬಂದಾಗ ಏಳುವುದಿಲ್ಲ. ಹಗುರ ಲೆನ್ಸ್ ತಗೊಳ್ಳಿ, ಕೈಯಲ್ಲೇ ಹಿಡಿಯಿರಿ, ಹತ್ತಿರದ ಜಾಗ ಹುಡುಕಿ.

ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸುತ್ತವೆ. ದೊಡ್ಡ ಹಕ್ಕಿಗೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಫ್ರೇಮಿನಲ್ಲಿ ಹುಣಸೆ ಬೀಜದಷ್ಟು ಕಾಣುವ ಅಂಬರಗುಬ್ಬಿಗೆ, ಅದೂ ಜೊಂಡಿನ ಮುಂದೆ, ಅಷ್ಟು ನೆಚ್ಚಿಕೊಳ್ಳಲಾಗದು. ನಿಜವಾಗಿ ಆಟ ಬದಲಿಸಿದ್ದು ಪ್ರೀ-ಕ್ಯಾಪ್ಚರ್. ಶಟರನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಒಳಗೊಳಗೇ ಫೋಟೊ ತೆಗೆಯುತ್ತಾ ಹಳೆಯದನ್ನು ಅಳಿಸುತ್ತಾ ಇರುತ್ತದೆ, ನೀವು ಪೂರ್ತಿ ಒತ್ತಿದಾಗ ಅದಕ್ಕೂ ಹಿಂದಿನ ಸ್ವಲ್ಪ ಹೊತ್ತಿನ ಫೋಟೊಗಳನ್ನೂ ಉಳಿಸುತ್ತದೆ. ಒಲಿಂಪಸ್ ಇದನ್ನು 2016ರ ಇ-ಎಂ1 ಮಾರ್ಕ್ 2 ಕ್ಯಾಮೆರಾದಲ್ಲಿ ತಂದಿತು, ಆಮೇಲೆ ಬೇರೆಯವರೂ ತಂದರು. ಮೊದಲು ಹೇಳಿದ ಆ 0.2 ಸೆಕೆಂಡಿನ ತಡವನ್ನು ಇದು ತುಂಬಿಕೊಡುತ್ತದೆ, ಕೂತ ಹಕ್ಕಿ ಹಾರುವ ಗಳಿಗೆಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಇದು ನಡೆಯುವುದು ಎಲೆಕ್ಟ್ರಾನಿಕ್ ಶಟರಿನಲ್ಲಿ, ಅಲ್ಲೊಂದು ತೊಡಕು ಇದೆ. ಸಾಮಾನ್ಯ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಅದಕ್ಕೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಹಿಡಿಯಿತು ಅಂದುಕೊಳ್ಳಿ. ಒಂದೊಂದು ಸಾಲಿಗೆ ಶಟರ್ 1/4000 ಇದ್ದರೂ, ಮೇಲಿನ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಅರ್ಧ ದಾರಿ ಇಳಿದಿರುತ್ತದೆ. ಫೋಟೊದಲ್ಲಿ ರೆಕ್ಕೆ ಚೂಪಾಗಿಯೇ ಇರುತ್ತದೆ, ಆದರೆ ಸೊಟ್ಟಗೆ ಬಾಗಿರುತ್ತದೆ. ಸ್ಟ್ಯಾಕ್ಡ್ ಸೆನ್ಸರ್ ಇರುವ ದುಬಾರಿ ಕ್ಯಾಮೆರಾಗಳು ಬೇಗ ಓದುವುದರಿಂದ ಇದು ಕಾಣಿಸುವುದು ಕಮ್ಮಿ. 2023ರ ಕೊನೆಯಲ್ಲಿ ಸೋನಿ ಪ್ರಕಟಿಸಿದ ಎ9 3 ಕ್ಯಾಮೆರಾದಲ್ಲಿ ಇಡೀ ಸೆನ್ಸರನ್ನು ಒಂದೇ ಸಲ ಓದುವ ವ್ಯವಸ್ಥೆ ಇದೆ. ನಮ್ಮ ನಿಮ್ಮಂಥವರ ಕ್ಯಾಮೆರಾದಲ್ಲಿ ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರೇ ಇಡಿ.

ಎಲ್ಲಿ ಶುರು ಮಾಡಬೇಕು? ಅಂಬರಗುಬ್ಬಿಯಿಂದ ಖಂಡಿತ ಬೇಡ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಕಾಪಾಡಿಕೊಂಡು ಬಂದಿದ್ದಾರೆ. ದೊಡ್ಡ ಹಕ್ಕಿ, ನಿಧಾನದ ಹಾರಾಟ, ಜೊತೆಗೆ ತಿರುಗಿಸುವುದು ಕೈಗೆ ಬರುತ್ತದೆ. ಆಮೇಲೆ ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿ ಸಾಲು, ಆಮೇಲೆ ಗಿಳಿ, ಮಿಂಚುಳ್ಳಿ, ಕಳ್ಳಿಪೀರ. ಕೋಲಾರದ ಕಡೆಯವರಿಗೆ 2018ರಿಂದ ಕೆಸಿ ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು) ಬಂದ ಎಷ್ಟೋ ಕೆರೆಗಳಿವೆ, ಚಿಕ್ಕಬಳ್ಳಾಪುರದವರಿಗೆ ಕಂದವಾರ ಕೆರೆ ಇದೆ. ದೂರ ಹೋಗಬೇಕಿಲ್ಲ. ಒಂದೇ ಕೆರೆಗೆ ಹತ್ತು ಸಲ ಹೋದವರಿಗೆ ಸಿಗುವ ಫೋಟೊ ಹತ್ತು ಕೆರೆಗೆ ಒಂದೊಂದು ಸಲ ಹೋದವರಿಗೆ ಸಿಗಲ್ಲ.

ಗೂಡಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಬೇಸಿಗೆಯಲ್ಲಿ ಕಳ್ಳಿಪೀರ ಮಣ್ಣಿನ ದಿಣ್ಣೆಯಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ಒಂದೇ ಬಿಲಕ್ಕೆ ಮತ್ತೆ ಮತ್ತೆ ಬರುವುದರಿಂದ ಫೋಟೊ ಸುಲಭ, ಅದಕ್ಕೇ ಜನ ಹತ್ತಿರ ಹೋಗಿ ನಿಲ್ಲುತ್ತಾರೆ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಇಟ್ಟುಕೊಂಡು ತಂತಿ ಮೇಲೆ ಕೂತೇ ಇದೆ, ಬಿಲದೊಳಗೆ ಹೋಗುತ್ತಿಲ್ಲ ಅಂದರೆ ನೀವು ತುಂಬಾ ಹತ್ತಿರ ಇದ್ದೀರಿ ಅಂತಲೇ ಅರ್ಥ. ಆ ಬಿಸಿಲಿಗೆ ಮರಿಗಳು ಒಳಗೆ ಹಸಿದಿರುತ್ತವೆ. ತಕ್ಷಣ ಹಿಂದೆ ಸರಿಯಿರಿ, ಅದು ಒಳಗೆ ಹೋಗುವವರೆಗೂ ಸರಿಯುತ್ತಾ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಮಾಡುವುದನ್ನೂ ಬೇಟೆ ಅಂತಲೇ ಲೆಕ್ಕ ಹಾಕಿದ್ದಾರೆ. ಗೂಡಿನ ಜಾಗವನ್ನು ಎಲ್ಲರಿಗೂ ಗೊತ್ತಾಗುವಂತೆ ಹಾಕಲೂಬೇಡಿ.

ಮನೆಗೆ ಬಂದ ಮೇಲೆ ಅಳಿಸುವ ಕೆಲಸ ಜಾಸ್ತಿ ಇರುತ್ತದೆ. ಕಳೆದ ಚಳಿಗಾಲದ ಒಂದು ಬೆಳಗ್ಗೆ ನಾನು ಅಂಬರಗುಬ್ಬಿಯ 640 ಫೋಟೊ ತೆಗೆದು 9 ಉಳಿಸಿಕೊಂಡೆ, ಅದು ನನಗೆ ಒಳ್ಳೆಯ ದಿನ. ಅಳಿಸುವ ಮೊದಲು ಒಂದು ಸಲ ನೋಡಿ. ಹಕ್ಕಿಯ ಮುಂದಿನ ಹುಲ್ಲೋ ಹಿಂದಿನ ಜೊಂಡೋ ಚೂಪಾಗಿದ್ದು ಹಕ್ಕಿ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಹಕ್ಕಿ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಶಟರ್ ಸಾಲಲಿಲ್ಲ ಅಥವಾ ನೀವು ತಿರುಗಿಸಿದ ವೇಗ ಹೊಂದಲಿಲ್ಲ. ಎಲ್ಲವೂ ಅಲೆಅಲೆಯಾಗಿದ್ದರೆ ಕಾವು. ಹಕ್ಕಿ ಪ್ರತಿ ಸಲ ಫ್ರೇಮಿನ ಮುಂದಿನ ಅಂಚಿನಲ್ಲೇ ಇದ್ದರೆ ನೀವು ಹಿಂದೆ ಬೀಳುತ್ತಿದ್ದೀರಿ, ನಾಳೆ ಇನ್ನೂ ಸ್ವಲ್ಪ ಬೇಗ ತಿರುಗಿಸಲು ಶುರು ಮಾಡಿ. ನಾನು ಒಂದು ಸಣ್ಣ ಪುಸ್ತಕದಲ್ಲಿ ದಿನ, ಗಾಳಿ ದಿಕ್ಕು, ಎಲ್ಲಿ ನಿಂತಿದ್ದೆ, ಹಕ್ಕಿ ಎಲ್ಲಿ ಹಾಯುತ್ತಿತ್ತು ಅಂತ ನಾಲ್ಕು ಸಾಲು ಬರೆದಿಡುತ್ತೇನೆ.

ವಲಸೆ ಅಂಬರಗುಬ್ಬಿಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಅಷ್ಟರೊಳಗೆ ಸಿಗದಿದ್ದರೆ ತಂತಿಬಾಲದ ಅಂಬರಗುಬ್ಬಿ ಇದೆ, ನೆತ್ತಿ ಇಟ್ಟಿಗೆ ಬಣ್ಣ, ಹೊಟ್ಟೆ ಬೆಳ್ಳಗೆ. ಅದು ಇಲ್ಲಿಯದೇ, ಎಲ್ಲಿಗೂ ಹೋಗಲ್ಲ. ನೀರಿರುವ ಹಳ್ಳದ ಸೇತುವೆ, ಮೋರಿಗಳ ಹತ್ತಿರ ನಿಂತು ನೋಡಿ, ಕೆಳಗಿನಿಂದ ಹೊರಗೆ ಬಂದು ಒಂದು ಸುತ್ತು ಹಾಕಿ ಮತ್ತೆ ಅದರಡಿಗೇ ನುಗ್ಗುತ್ತಿರುತ್ತದೆ.